ಮೂಲಂಗಿಯೂ ಅಲ್ಲ, ಕೋಸೂ ಅಲ್ಲ: ವರ್ಣತಂತುಗಳು ಹೊಸ ಸಸ್ಯ ಪ್ರಭೇದವನ್ನು ಹುಟ್ಟಿಸುವ ಬಗೆ

1920ರ ದಶಕದಲ್ಲಿ ಸೋವಿಯತ್ ಸಸ್ಯವಿಜ್ಞಾನಿ ಗಿಯೊರ್ಗಿ ಕಾರ್ಪೆಚೆಂಕೊ ಮೂಲಂಗಿಗೂ ಎಲೆಕೋಸಿಗೂ ಸಂಕರ ಮಾಡಿಸಿದರು. ಎರಡರಲ್ಲೂ ಇರುವುದು 18 ವರ್ಣತಂತುಗಳೇ (ಕೋಶದಲ್ಲಿ ವಂಶವಾಹಿಗಳನ್ನು ಹೊತ್ತ ಎಳೆಗಳು, ಕ್ರೋಮೋಸೋಮ್). ಆದರೂ ಸಂಕರ ಗಿಡಗಳು ಹುಲುಸಾಗಿ ಬೆಳೆದು ಹೂ ಬಿಟ್ಟವೇ ಹೊರತು ಬೀಜ ಕಟ್ಟಿದ್ದು ತೀರಾ ಅಪರೂಪ. ಮೂಲಂಗಿಯಿಂದ ಬಂದ 9 ತಂತುಗಳಿಗೂ ಕೋಸಿನಿಂದ ಬಂದ 9ಕ್ಕೂ ಜೋಡಿ ಕೂಡುವುದಿಲ್ಲ. ಜೋಡಿ ಕೂಡದಿದ್ದರೆ ಪರಾಗಕ್ಕೂ ಅಂಡಕ್ಕೂ ಅವು ಸರಿಯಾಗಿ ಹಂಚಿಕೆಯಾಗುವುದಿಲ್ಲ.

ಎಲ್ಲೋ ಕೆಲವು ಪರಾಗ, ಅಂಡಗಳಲ್ಲಿ ಹಂಚಿಕೆಯೇ ನಡೆಯದೆ 18 ತಂತುಗಳೂ ಉಳಿದುಕೊಂಡಿದ್ದವು. ಅಂಥವೆರಡು ಕೂಡಿ ಹುಟ್ಟಿದ ಗಿಡದಲ್ಲಿ 36 ತಂತುಗಳು. ಈಗ ಪ್ರತಿಯೊಂದಕ್ಕೂ ಜೊತೆ ಸಿಕ್ಕಿತು, ಬೀಜ ಕಟ್ಟಿತು. ಅದರ ಕಾಯಿಯಲ್ಲಿ ಅರ್ಧ ಕೋಸಿನ ಚಹರೆ, ಅರ್ಧ ಮೂಲಂಗಿಯದು. ಅದನ್ನು ಮತ್ತೆ ಮೂಲಂಗಿಯೊಂದಿಗೆ ಕೂಡಿಸಿದರೆ ಸಂತತಿಗೆ 27 ತಂತುಗಳು. ಕೋಸಿನ 9 ಪುನಃ ಒಂಟಿ. ಹೊಸ ಗಿಡಕ್ಕೂ ಹೆತ್ತ ಗಿಡಕ್ಕೂ ನಡುವೆ ಹೀಗೆ ಬೇಲಿ ಬೀಳುತ್ತದೆ. ಬೆಟ್ಟವೋ ನದಿಯೋ ಅಡ್ಡ ಬಂದು ಸಾವಿರಾರು ತಲೆಮಾರು ಕಳೆಯಬೇಕಿಲ್ಲ. ಇದರ ಸರಳತೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಇದನ್ನು ಪ್ರಯೋಗದಲ್ಲಿ ತೋರಿಸಿಕೊಟ್ಟ ಕಾರ್ಪೆಚೆಂಕೊ ಅವರನ್ನು 1941ರಲ್ಲಿ ಸ್ಟಾಲಿನ್ ಆಡಳಿತ ಗುಂಡಿಟ್ಟು ಕೊಂದಿತು; ಅದನ್ನು ನೆನೆದರೆ ಮನಸ್ಸು ಕುದಿಯುತ್ತದೆ.

ಸುಳಿವು ಮೊದಲೇ ಸಿಕ್ಕಿತ್ತು. ಡಚ್ ಸಸ್ಯವಿಜ್ಞಾನಿ ಹ್ಯೂಗೊ ಡಿ ವ್ರೀಸ್ ಹೊಸ ಪ್ರಭೇದವೆಂದು ಕರೆದಿದ್ದ, ಈನೋಥೆರಾ ಎಂಬ ಹೂಗಿಡದ ದೈತ್ಯ ಬಗೆಯಲ್ಲಿ 14ರ ಬದಲು 28 ವರ್ಣತಂತುಗಳಿರುವುದನ್ನು ಆನ್ ಲುಟ್ಜ್ 1907ರಲ್ಲಿ ಎಣಿಸಿ ತೋರಿಸಿದ್ದರು. ಸಂಕರವಾದ ಮೇಲೆ ತಂತುಗಳು ಇಮ್ಮಡಿಯಾದರೆ ಹೊಸ ಪ್ರಭೇದ ಹುಟ್ಟಬಹುದೆಂದು ಡೆನ್ಮಾರ್ಕಿನ ವಿಂಗೆ 1917ರಲ್ಲಿ ಊಹಿಸಿದ್ದರು.

ಪ್ರಯೋಗಾಲಯದ ಆಚೆಗೂ ಇದು ನಡೆಯುತ್ತದೆಯೇ? ಯುರೋಪಿನಿಂದ ಅಮೆರಿಕಕ್ಕೆ ಬಂದ ಟ್ರಾಗೊಪೋಗನ್ ಎಂಬ ಹೂಗಿಡದ ಮೂರು ಪ್ರಭೇದಗಳು ವಾಷಿಂಗ್ಟನ್ ರಾಜ್ಯದ ಬಯಲುಗಳಲ್ಲಿ ಬೆರೆತವು. ಅವುಗಳಲ್ಲಿ 12 ತಂತುಗಳು. ಅಲ್ಲೇ ಹುಟ್ಟಿದ ಎರಡು ಹೊಸ ಪ್ರಭೇದಗಳಲ್ಲಿ 24. ಮೇರಿಯನ್ ಓನ್‌ಬಿ ಅವನ್ನು 1950ರಲ್ಲಿ ವರ್ಣಿಸಿದರು.

ಇಮ್ಮಡಿಯಾಗುವುದೊಂದೇ ದಾರಿಯಲ್ಲ. ತಂತುವಿನ ತುಂಡೊಂದು ತಿರುಗಿ ಕೂತರೂ, ಬೇರೊಂದಕ್ಕೆ ಅಂಟಿಕೊಂಡರೂ ಜೋಡಿ ಕೆಡುತ್ತದೆ. ಕ್ಯಾಲಿಫೋರ್ನಿಯಾದ ಕಾಡು ಹೂಗಿಡ ಕ್ಲಾರ್ಕಿಯಾ ಬೈಲೋಬಾದಿಂದ ಕ್ಲಾರ್ಕಿಯಾ ಲಿಂಗ್ಯುಲಾಟಾ ಬೇರೆಯಾದದ್ದು ಇಂಥ ಮರುಜೋಡಣೆಯಿಂದ ಎಂದು ಹಾರ್ಲನ್ ಲೂಯಿಸ್ ವಾದಿಸಿದರು.

ಇಷ್ಟಾದರೂ ಹೀಗೆ ತಂತುಗಳು ಇಮ್ಮಡಿ, ಮುಮ್ಮಡಿಯಾದ ‘ಬಹುಗುಣಿತ’ ಸಸ್ಯಗಳು ವಿಕಾಸದ ಒಣ ಕೊಂಬೆಗಳೆಂದು ನಂಬಿದವರು ಬಹಳ ಕಾಲ ಇದ್ದರು. 2000ದಲ್ಲಿ ಅರಾಬಿಡಾಪ್ಸಿಸ್‌ನ ಇಡೀ ಡಿಎನ್ಎ ಬರಹ, ಅಂದರೆ ಜೀನೋಮ್, ಪ್ರಕಟವಾಯಿತು. ಸಂಶೋಧಕರು ಆ ಪುಟ್ಟ ಗಿಡವನ್ನು ಆರಿಸಿಕೊಂಡದ್ದಕ್ಕೆ ಜೀನೋಮ್ ಚಿಕ್ಕದೆಂಬುದೂ ಒಂದು ಕಾರಣ. ಇರುವುದು ಐದೇ ಜೋಡಿ ವರ್ಣತಂತುಗಳು. ಆ ಐದು ಜೋಡಿಗಳ ಉದ್ದಕ್ಕೂ ಹಳೆಯ ಇಮ್ಮಡಿಯ ಗುರುತುಗಳು ಹರಡಿದ್ದವು.