ಕಿಂಗ್ ಕಾಂಗ್ ಓಡಿಹೋಗಿದ್ದು ಅವನಿಗೆ ಗೊತ್ತಿಲ್ವಲ್ಲ!

ಅಕ್ಕನ ಮಗಳಿಗೆ ಈಗಷ್ಟೇ ಮೂರು ತುಂಬಿದೆ. ಮೊನ್ನೆ ಭಾವ ಚಕ್ಕುಲಿ ಡಬ್ಬ ಶೆಲ್ಫಲ್ಲಿಟ್ಟು ಸ್ನಾನಕ್ಕೆ ಹೋದಾಗ ನಾನು ಅವಳ ಕಣ್ಣೆದುರೇ ಅದನ್ನ ಫ್ರಿಡ್ಜ್ ಮೇಲಿಟ್ಟು, ಅಪ್ಪ ಬಂದು ಎಲ್ಲಿ ಹುಡುಕ್ತಾರೆ ಅಂತ ಕೇಳಿದೆ. 'ಫ್ರಿಡ್ಜ್ ಮೇಲೆ' ಅಂದ್ಳು, ಒಂಚೂರೂ ಡೌಟಿಲ್ದೆ. ತನಗೆ ಗೊತ್ತಿರೋದು ಅಪ್ಪಂಗೂ ಗೊತ್ತಿರತ್ತೆ ಅಂತ. ಇದೇನು ನನ್ನ ಸ್ವಂತ ಆಟ ಅಲ್ಲ, 1983ರಲ್ಲಿ ವಿಮ್ಮರ್ ಮತ್ತೆ ಪೆರ್ನರ್ ಅನ್ನೋ ಮನಶ್ಶಾಸ್ತ್ರಜ್ಞರು ಚಾಕ್ಲೇಟ್ ಕಥೆ ಹೇಳಿ ಮಕ್ಕಳಿಗೆ ಕೇಳಿದ್ದು ಹೆಚ್ಚುಕಮ್ಮಿ ಇದನ್ನೇ. ನಾಲ್ಕು ದಾಟಿದ ಮೇಲೆ ಬಹಳಷ್ಟು ಮಕ್ಕಳು ಸರಿಯಾಗಿ ಹೇಳ್ತಾರೆ.

ಚಿಂಪಾಂಜಿಗೆ ಇದು ಗೊತ್ತಾಗತ್ತಾ? ಎದುರಿಗಿರೋನಿಗೆ ಏನು ಕಾಣ್ತಿದೆ, ಏನು ಕಾಣ್ತಿಲ್ಲ ಅನ್ನೋದಂತೂ ಗೊತ್ತಾಗತ್ತೆ. ಅದಕ್ಕೆ ಚಿಂಪಾಂಜಿನೇ ಆಗ್ಬೇಕು ಅಂತಿಲ್ಲ, ನಾವು ಆ ಕಡೆ ತಿರುಗೋದನ್ನೇ ಕಾದು ಬಾಳೆಹಣ್ಣು ಕಿತ್ಕೊಳ್ಳೋ ದೇವಸ್ಥಾನದ ಕೋತಿ ನೋಡಿದ್ರೆ ಸಾಕು. ಆದ್ರೆ ಎದುರಿಗಿರೋನು ತಪ್ಪು ತಿಳ್ಕೊಂಡಿದಾನೆ ಅಂತ ಅರ್ಥ ಆಗೋದು ಬೇರೆ ಲೆವೆಲ್ಲು.

2016ರಲ್ಲಿ ಕ್ರೂಪೆನ್ಯೆ, ಕಾನೋ ಅನ್ನೋ ಸಂಶೋಧಕರು ಮತ್ತವರ ತಂಡ ಚಿಂಪಾಂಜಿ, ಅದರ ಹತ್ತಿರದ ನೆಂಟ ಬೊನೊಬೊ, ಒರಾಂಗುಟಾನ್‌ಗಳಿಗೆ ಒಂದು ಸಿನಿಮಾನೇ ತೋರಿಸ್ತು. ಕುಡಿಯೋಕೆ ಜ್ಯೂಸ್ ಬೇರೆ, ಇಲ್ದಿದ್ರೆ ಕೂತ ಕಡೆ ಕೂರ್ಬೇಕಲ್ಲ. ಕಿಂಗ್ ಕಾಂಗ್ ವೇಷದವನೊಬ್ಬ ಒಬ್ಬ ಮನುಷ್ಯನಿಗೆ ಹೊಡೆದು, ಎರಡು ಹುಲ್ಲಿನ ಬಣವೇಲಿ ಒಂದರೊಳಗೆ ಅಡಗ್ತಾನೆ. ಮನುಷ್ಯ ದೊಣ್ಣೆ ತರೋಕೆ ಬಾಗಿಲ ಹಿಂದೆ ಹೋದಾಗ ಇವನು ಜಾಗ ಬದಲಾಯಿಸಿ ಆಮೇಲೆ ಅಲ್ಲಿಂದಲೇ ಪರಾರಿ. ದೊಣ್ಣೆ ಹಿಡ್ಕೊಂಡು ಬಂದೋನು ಯಾವ ಬಣವೆಗೆ ಬಾರಿಸ್ತಾನೆ? ಬಾಯಿಬಿಟ್ಟು ಹೇಳೋಕಾಗಲ್ಲ ಅಂತ ಕಣ್ಣು ಎತ್ತ ಹೋಗತ್ತೆ ಅಂತ ಕ್ಯಾಮೆರಾದಲ್ಲಿ ಅಳೆದ್ರು, ಯಾವುದಾದ್ರೂ ಬಣವೆ ಕಡೆ ನೋಡಿದ 30ರಲ್ಲಿ 20 ವಾನರಗಳು ಮೊದಲು ನೋಡಿದ್ದು ಅವನು ತಪ್ಪಾಗಿ ನಂಬಿರೋ ಬಣವೆನೇ.

ಎರಡೂ ಖಾಲಿ ಅಂತ ಅವಕ್ಕೆ ಚೆನ್ನಾಗಿ ಗೊತ್ತು, ಆದ್ರೂ!

'ಕೊನೇಲಿ ಕಂಡ ಜಾಗಕ್ಕೆ ಹೋಗ್ತಾರೆ ಅನ್ನೋ ರೂಲ್ ಒಂದು ಕಲಿತಿರ್ತವೆ ಅಷ್ಟೇ' ಅಂತ ತಕರಾರು ಬಂತು, ನ್ಯಾಯವೇ. ಅದಕ್ಕೇ 2019ರಲ್ಲಿ ಹೊಸ ಪ್ಲಾನು. ಒಂದು ಗುಂಪಿಗೆ ಆಚೆ ಏನೂ ಕಾಣದ ಪರದೆ ಕೊಟ್ರು, ಇನ್ನೊಂದಕ್ಕೆ ದೂರದಿಂದ ಹಾಗೇ ಕಾಣೋ, ಆದ್ರೆ ಹತ್ರ ಹೋದ್ರೆ ಆಚೆ ಕಾಣೋ ಪರದೆ. ಆಮೇಲೆ ವೀಡಿಯೋದಲ್ಲಿ ಮನುಷ್ಯ ಅಂಥದ್ದೇ ಪರದೆ ಹಿಂದೆ ಹೋದಾಗ, ಅವನು ಮೋಸ ಹೋಗ್ತಾನೆ ಅಂತ ಕಾದಿದ್ದು ಏನೂ ಕಾಣದ ಪರದೆ ಅನುಭವಿಸಿದ ಗುಂಪು. ಬರೀ ರೂಲ್ ಆಗಿದ್ರೆ ಎರಡು ಗುಂಪೂ ಒಂದೇ ಥರ ಕಾಯ್ಬೇಕಿತ್ತಲ್ಲ. ನನಗೆ ಸಿನಿಮಾಗಿಂತ ಇದೇ ಗಟ್ಟಿ ಅನ್ಸತ್ತೆ.

ಅಂದಹಾಗೆ ಮೂರರ ಆಸುಪಾಸಿನ ಮಕ್ಕಳ ಬಾಯಿ ತಪ್ಪು ಹೇಳಿದ್ರೂ ಕಣ್ಣು ಸರಿಯಾದ ಕಡೆ ಹೋಗತ್ತೆ ಅಂತ 1994ರಲ್ಲೇ ಕಂಡುಕೊಂಡಿದ್ರು. ಅವತ್ತು ಅವಳ ಕಣ್ಣು ಶೆಲ್ಫ್ ಕಡೆ ಹೋಯ್ತೋ ಏನೋ, ನಾನು ನೋಡ್ತಿದ್ದಿದ್ದು ಚಕ್ಕುಲಿ.