ಸೂತ್ರ ಎಲ್ಲರಿಗೂ ಒಂದೇ, ಪಿಂಚಣಿ ಮಾತ್ರ ಏಕೆ ಬೇರೆ?

ಓದುಗರ ಪ್ರಶ್ನೆ: ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯ ಲೆಕ್ಕದಲ್ಲಿ ವರ್ಣಭೇದವೂ ಇಲ್ಲ, ಲಿಂಗಭೇದವೂ ಇಲ್ಲ. ಹಾಗಿದ್ದೂ ಕಪ್ಪುವರ್ಣೀಯ ಮಹಿಳೆಯರಿಗೆ ಬಿಳಿಯ ಗಂಡಸರಿಗಿಂತ ಕಡಿಮೆ ಬರುವುದೇಕೆ?

ಲೆಕ್ಕ ಒಂದೇ, ನಿಜ. ಅದಕ್ಕೆ ಹಾಕುವ ಅಂಕಿಗಳು ಒಂದೇ ಅಲ್ಲ. ಅತಿ ಹೆಚ್ಚು ಗಳಿಸಿದ 35 ವರ್ಷಗಳ ಸರಾಸರಿಯ ಮೇಲೆ ಪಿಂಚಣಿ ನಿಗದಿಯಾಗುತ್ತದೆ. 28 ವರ್ಷ ದುಡಿದವಳಿಗೆ ಉಳಿದ ಏಳು ವರ್ಷ ಸೊನ್ನೆ ಬೀಳುತ್ತದೆ. ಮಗುವನ್ನು ಸಾಕಿದ ವರ್ಷಕ್ಕೂ ಸೊನ್ನೆ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡ ವರ್ಷಕ್ಕೂ ಸೊನ್ನೆ. ನಿದ್ದೆಗೆಟ್ಟು ಮಾಡಿದ ಕೆಲಸವನ್ನು ಹೀಗೆ ಬರೆದಿಡುವುದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಕಪ್ಪುವರ್ಣೀಯ ಮಹಿಳೆಯರ ವಿಷಯದಲ್ಲಿ ಸೊನ್ನೆಗಳನ್ನು ಕಾನೂನೇ ಬರೆಯಿತು. 1935ರ ಮೂಲ ಕಾಯ್ದೆ ಕೃಷಿ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತ್ತು. ಆಗ ದುಡಿಯುತ್ತಿದ್ದ ಕಪ್ಪುವರ್ಣೀಯ ಮಹಿಳೆಯರಲ್ಲಿ ಬಹುಪಾಲು ಮಂದಿ ಇದ್ದದ್ದು ಈ ಎರಡು ಕೆಲಸಗಳಲ್ಲೇ. 1940ರ ಜನವರಿಯಲ್ಲಿ ಮೊದಲ ಮಾಸಿಕ ಚೆಕ್ ಪಡೆದವರು ವರ್ಮಾಂಟ್‌ನ ಐಡಾ ಮೇ ಫುಲ್ಲರ್, ವಕೀಲರ ಕಚೇರಿಯ ಕಾರ್ಯದರ್ಶಿ, ಮೊತ್ತ 22.54 ಡಾಲರ್. ಅದೇ ವಯಸ್ಸಿನ, ಆಯುಷ್ಯವಿಡೀ ಪರರ ಮನೆಯ ಪಾತ್ರೆ ತಿಕ್ಕಿದ ಹೆಂಗಸಿಗೆ ಆ ಚೆಕ್ ಬರಲಿಲ್ಲ. 1950 ಮತ್ತು 1954ರ ತಿದ್ದುಪಡಿಗಳು ಇವರನ್ನು ಒಳಗೆ ತಂದವು. ಆದರೂ ಸಂಬಳವನ್ನು ಕೈಗೆ ಕೊಟ್ಟು ಲೆಕ್ಕಕ್ಕೆ ತೋರಿಸದ ಯಜಮಾನರು ಇದ್ದೇ ಇದ್ದರು. ತೋರಿಸದ ಕೂಲಿಯೂ ಸೊನ್ನೆಯೇ.

ಒಂದು ಮಾತು ಹೇಳಲೇಬೇಕು. ಸೂತ್ರವು ಕಡಿಮೆ ಗಳಿಸಿದವರ ಪರವಾಗಿದೆ. ಸರಾಸರಿ ಗಳಿಕೆಯ ಮೊದಲ ಭಾಗದಲ್ಲಿ ಶೇ 90ರಷ್ಟನ್ನು ಪಿಂಚಣಿಯಾಗಿ ಮರಳಿಸುತ್ತದೆ, ಅದರಾಚೆಯ ಗಳಿಕೆಗೆ ಕಡಿಮೆ. ಅಂತರ ನಿಜಕ್ಕೂ ಹಿಗ್ಗುವುದು ಕಂಪನಿಯ ಪಿಂಚಣಿ, ಉಳಿತಾಯ, ಸ್ವಂತ ಮನೆ ಇವುಗಳಲ್ಲಿ. ಅವು ಇಲ್ಲದವರಿಗೆ ಈ ಚೆಕ್ಕೊಂದೇ ಊಟ, ಬಾಡಿಗೆ, ಔಷಧಿ ಎಲ್ಲವೂ.

ಗಂಡನ ಪಾಲಿನ ಅರ್ಧದವರೆಗೆ ಹೆಂಡತಿಗೆ ಸಿಗುತ್ತದಲ್ಲ ಎಂದು ಕೇಳಬಹುದು. ವಿಚ್ಛೇದಿತೆಗೆ ಅದು ಸಿಗಬೇಕಾದರೆ ಮದುವೆ ಹತ್ತು ವರ್ಷ ಬಾಳಿರಬೇಕು. ಒಂಬತ್ತಕ್ಕೆ ಮುರಿದಿದ್ದರೆ ಏನೂ ಇಲ್ಲ. ಮದುವೆಯಾಗದೆ ಒಬ್ಬಳೇ ಮಕ್ಕಳನ್ನು ಬೆಳೆಸಿದವಳಿಗೂ ಇಲ್ಲ.

ಗಂಡನ ಕೆಲಸದ ವೀಸಾ ಹಿಂದೆ ಎಚ್-4 ವೀಸಾದಲ್ಲಿ ಹೋದ ನಮ್ಮ ಹೆಣ್ಣುಮಕ್ಕಳ ಕಥೆ ಬೇರೆ, ಸೊನ್ನೆ ಮಾತ್ರ ಅದೇ. 2015ರವರೆಗೆ ಆ ವೀಸಾದವರು ಅಲ್ಲಿ ದುಡಿಯುವಂತಿರಲಿಲ್ಲ. ಆಮೇಲೂ ಅನುಮತಿ ಸಿಕ್ಕಿದ್ದು ಕೆಲವರಿಗಷ್ಟೇ. ಸ್ವಂತ ದುಡಿಮೆಯ ಪಿಂಚಣಿಗೆ 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಬೇಕು. ನಲವತ್ತೈದಕ್ಕೆ ಮೊದಲ ಕೆಲಸ ಹಿಡಿದವಳು ಐವತ್ತೈದರವರೆಗೆ ದುಡಿದರೂ 35ರಲ್ಲಿ 25 ವರ್ಷ ಖಾಲಿಯೇ ಇರುತ್ತವೆ.