ಆಟ ನಿಲ್ಲಿಸಿದರೆ ಮಾರ್ಕು ಜಾಸ್ತಿ ಬರುತ್ತದಾ?

ಪ್ರಶ್ನೆ: ಮಗ ಹತ್ತನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಗದ್ದೆಯಲ್ಲಿ ವಾಲಿಬಾಲ್ ಆಡಿ ಮನೆಗೆ ಬರುವಾಗ ಕತ್ತಲಾಗಿರುತ್ತದೆ. ಪುಸ್ತಕ ಹಿಡಿದರೆ ತೂಕಡಿಸುತ್ತಾನೆ. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಆಟ ನಿಲ್ಲಿಸಲೇ? (ಬದಿಯಡ್ಕದಿಂದ ಒಬ್ಬ ತಾಯಿ)

ಬೇಡ, ನಿಲ್ಲಿಸಬೇಡಿ.

ಕುಂಬಳೆಯವರಿಗೂ ಇದೇ ಹೇಳಿದ್ದೇನೆ, ಮುಳ್ಳೇರಿಯದವರಿಗೂ ಇದೇ ಹೇಳಿದ್ದೇನೆ. ಮಾರ್ಚ್ ಹತ್ತಿರ ಬಂತು ಅಂದರೆ ಪ್ರಶ್ನೆ ಮತ್ತೆ ಹಾಜರ್. ಫುಲ್ ಎ ಪ್ಲಸ್ ಬರಬೇಕು, ಫ್ಲೆಕ್ಸಿನಲ್ಲಿ ಫೋಟೋ ಬರಬೇಕು, ಅದಕ್ಕೆ ಬಾಲು ಕಪಾಟು ಸೇರಬೇಕು. ಆಟದಿಂದ ಉಳಿಸಿದ ಹೊತ್ತೆಲ್ಲ ಓದಿಗೆ ಜಮೆಯಾಗುತ್ತದೆ ಅನ್ನುವ ನಂಬಿಕೆ ಅಪ್ಪ ಅಮ್ಮಂದಿರದ್ದು ಮಾತ್ರ ಅಲ್ಲ. ಫೆಬ್ರವರಿಯಲ್ಲಿ ಪಿ.ಟಿ. ಪೀರಿಯಡ್ಡಿನ ಬೆಲ್ ಹೊಡೆದಾಗ ಬಾಗಿಲಲ್ಲಿ ನಿಂತಿರುವವರು ಯಾರು? ಚಾಕ್ ಹಿಡಿದ ಗಣಿತದ ಟೀಚರ್, ಅಲ್ವಾ?

ಈ ಲೆಕ್ಕವನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ 546 ಪ್ರೈಮರಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಕೆಲವರಿಗೆ ದಿನಕ್ಕೊಂದು ಗಂಟೆ ಆಟದ ಪಾಠ. ಆ ಹೊತ್ತನ್ನು ಕಿತ್ತದ್ದು ಬೇರೆ ಪಾಠಗಳಿಂದಲೇ, ಶೇಕಡಾ 13ರಿಂದ 14ರಷ್ಟು. ಮೊದಲ ವರ್ಷ ಆಡದವರೇ ಮುಂದಿದ್ದರು. ಎರಡನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗೆ ಆಡಿದವರ ಮಾರ್ಕೇ ಮೇಲೆ. ಪಾಠ ಕಡಿಮೆ, ಮಾರ್ಕು ಜಾಸ್ತಿ!

ಒಂದೇ ಊರಿನ ಕಥೆ ಅನ್ನುತ್ತೀರಾ? 2010ರಲ್ಲಿ ಅಮೆರಿಕ ಸರಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 50 ಅಧ್ಯಯನಗಳನ್ನು ಒಟ್ಟಿಗೆ ಹರಡಿಕೊಂಡು ಕುಳಿತಿತು. ಆಟಕ್ಕೂ ಓದಿಗೂ ಇರುವ 251 ಸಂಬಂಧಗಳನ್ನು ನೋಡಿದರು. ಅರ್ಧದಷ್ಟು ಕಡೆ ಲಾಭ, ಶೇಕಡಾ 48 ಕಡೆ ಲಾಭವೂ ಇಲ್ಲ ನಷ್ಟವೂ ಇಲ್ಲ. ನಷ್ಟ ಕಂಡದ್ದು ಶೇಕಡಾ 1.5ರಲ್ಲಿ ಮಾತ್ರ. ಆಡಿದರೆ ಎ ಪ್ಲಸ್ ಗ್ಯಾರಂಟಿ ಅಂತ ನಾನು ಹೇಳುವುದಿಲ್ಲ. ಆಡಿದ್ದರಿಂದ ಹೋಯಿತು ಅಂತ ನೀವೂ ಹೇಳಬೇಡಿ.

ಬರೀ 20 ನಿಮಿಷ ಚುರುಕಾಗಿ ನಡೆದ ಮೇಲೆ ಮಕ್ಕಳ ಗಮನ ಹೆಚ್ಚಿದ್ದನ್ನು, ಓದಿದ್ದು ಚೆನ್ನಾಗಿ ಅರ್ಥವಾದದ್ದನ್ನು 2009ರ ಒಂದು ಅಧ್ಯಯನ ತೋರಿಸಿದೆ. ವಾಲಿಬಾಲಿನಲ್ಲಿ ಅದಕ್ಕಿಂತ ಜಾಸ್ತಿಯೇ ಓಡುತ್ತಾನೆ.

ಇನ್ನು ತೂಕಡಿಕೆ. ಬೆಳಗ್ಗೆ ಆರಕ್ಕೆ ಟ್ಯೂಷನ್, ರಾತ್ರಿ ಹನ್ನೊಂದರವರೆಗೆ ಮೊಬೈಲ್. ತಪ್ಪು ಮಾತ್ರ ವಾಲಿಬಾಲಿನದ್ದು! ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಆಟಕ್ಕೆ ದಿನಕ್ಕೆ ಸರಾಸರಿ 60 ನಿಮಿಷ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕತ್ತಲಾಗುವ ಮೊದಲು ಮನೆಗೆ ಬಾ ಅನ್ನಿ. ಸ್ನಾನ, ಏನಾದರೂ ತಿಂಡಿ, ಆಮೇಲೆ ಪುಸ್ತಕ. ಅಷ್ಟೇ.

ಒಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಈ ಪ್ರಶ್ನೆ ಯಾವಾಗಲೂ ಮಗನದ್ದೇ. ಮಗಳ ಆಟ ನಿಲ್ಲಿಸಲೇ ಅಂತ ಯಾರೂ ಕೇಳುವುದಿಲ್ಲ. ಏಳನೇ ಕ್ಲಾಸಿಗೇ ನಿಂತಿರುತ್ತದಲ್ಲ! ಪಿ.ಟಿ. ಹೊತ್ತಿಗೆ ಹುಡುಗರು ಗ್ರೌಂಡಿನಲ್ಲಿ, ಹುಡುಗಿಯರು ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಾರೆ. 146 ದೇಶಗಳ 2016ರ ಲೆಕ್ಕ ನೋಡಿ: 11ರಿಂದ 17 ವಯಸ್ಸಿನ ಹುಡುಗರಲ್ಲಿ ಶೇಕಡಾ 78, ಹುಡುಗಿಯರಲ್ಲಿ ಶೇಕಡಾ 85 ಮಂದಿಗೆ ಬೇಕಾದಷ್ಟು ಆಟ ಇಲ್ಲ. ಮನೆಯಲ್ಲಿ ಮಗಳಿದ್ದರೆ ಒಂದು ಸ್ಕಿಪ್ಪಿಂಗ್ ಹಗ್ಗ ತಂದುಕೊಡಿ. ಜೂನ್ ಮಳೆಯಲ್ಲೂ ಜಗಲಿಯಲ್ಲೇ ಆಡಬಹುದು. ಅಣ್ಣನಿಗೂ ಸ್ವಲ್ಪ ಕೊಡಲಿ.